ಒಂದು ಗೂಡು, ಒಂದೇ ಎಳೆ

ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಿಗೆ ರೈತರು ತಂದು ಸುರಿಯುವ ರೇಷ್ಮೆಗೂಡು ಬಲು ಹಗುರ. ಆದರೂ ಒಳ್ಳೆಯ ಗೂಡೊಂದರಲ್ಲಿ ಸುಮಾರು 1,000 ಮೀಟರ್ ಉದ್ದದ ಎಳೆ ಸುತ್ತಿಕೊಂಡಿರುತ್ತದೆ. ಹಿಪ್ಪುನೇರಳೆ ಸೊಪ್ಪು ಮೇಯ್ದು ಹಣ್ಣಾದ ಹುಳು ಚಂದ್ರಿಕೆ ಎಂಬ ತಟ್ಟೆಯಲ್ಲಿ ತಲೆಯನ್ನು 8ರ ಆಕಾರದಲ್ಲಿ ಆಡಿಸುತ್ತ ಎರಡು ಮೂರು ದಿನ ಬಿಡದೆ ಕಟ್ಟುವ ಗೂಡಿದು.

ಗೂಡಿನ ಹೊರಗಿನ ಸಡಿಲ ನವಿರೆಳೆ ಉದ್ದಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಹಾಗೆಂದು ಎಸೆಯುವಂತಿಲ್ಲ, ಹಿಂಜಿ ನೂತರೆ ಅದೇ ಸ್ಪನ್ ಸಿಲ್ಕ್! ಒಳಗಿನ ಅಖಂಡ ಎಳೆ ಬಿಡಿಸಲು ಗೂಡನ್ನು ಬೇಯಿಸಿ ಸೆರಿಸಿನ್ ಎಂಬ ಅಂಟನ್ನು ಸಡಿಲಿಸಬೇಕು. ಒಂಟಿ ಎಳೆ ತೀರಾ ತೆಳು. ಹಲವು ಗೂಡುಗಳ ಎಳೆ ಕೂಡಿದಾಗಲೇ ನೂಲು.

ಇಂಥ ನೂಲಿನಿಂದ ನೇಯುವ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗೆ ದೊಡ್ಡ ಹೆಸರಿದೆ. ಬಿಸಿನೀರಿಗೆ ಕೈಯಿಟ್ಟು ಎಳೆಯ ತುದಿ ಹುಡುಕುವ ನೂಲು ಬಿಚ್ಚುವವರಿಗೂ ಅಷ್ಟೇ ಗೌರವ ಸಲ್ಲಬೇಕು.