ಕಡಲಂಚಿನ ನೆಲದ ಕಟ್ಟುಪಾಡು

ಊರಿನ ನೆಲವನ್ನು ಮನಬಂದಂತೆ ಬಳಸಲಾಗದು. ವಸತಿ, ವ್ಯಾಪಾರ, ಕೈಗಾರಿಕೆಗಳಿಗೆ ಬೇರೆ ಬೇರೆ ವಲಯ ಗೊತ್ತುಪಡಿಸಲು ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆ. ಭಟ್ಕಳ, ಹೊನ್ನಾವರ, ಕುಮಟೆಗಳಂಥ ಕಡಲೂರುಗಳಿಗೆ ಇನ್ನೊಂದು ಕಟ್ಟುಪಾಡೂ ಉಂಟು. ಅದೇ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಕೇಂದ್ರ ಸರಕಾರವು ಇದನ್ನು 1991ರಲ್ಲಿ ಹೊರಡಿಸಿ, 2011 ಹಾಗೂ 2019ರಲ್ಲಿ ಹೊಸದಾಗಿ ರೂಪಿಸಿತು.

ಭರತದ ನೀರು ಏರಿ ನಿಲ್ಲುವ ಗೆರೆಯಿಂದ ಇದರ ಅಳತೆ ಆರಂಭ. ಕಡಲತೀರದಲ್ಲಿ ಅಲ್ಲಿಂದ 500 ಮೀಟರಿನವರೆಗೆ ನಿಯಂತ್ರಣವಿರುತ್ತದೆ. 2019ರ ಅಧಿಸೂಚನೆಯಂತೆ ಗ್ರಾಮಾಂತರ ತೀರದ ಮೊದಲ 200 ಮೀಟರು ಅಭಿವೃದ್ಧಿ ನಿಷಿದ್ಧ ವಲಯ. ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿದ್ದಲ್ಲಿ 50 ಮೀಟರು ಮಾತ್ರ. ಆದರೂ ಮೀನು ಒಣಗಿಸುವ ಅಂಗಳ, ಹರಾಜಿನ ಕಟ್ಟೆ, ಬಲೆ ದುರಸ್ತಿಯ ಜಾಗ, ಮಂಜುಗಡ್ಡೆಯ ಕಾರ್ಖಾನೆಗಳಿಗೆ ಅಲ್ಲಿಯೂ ಅವಕಾಶವಿದೆ. ನೀರಿನ ಬದಿಯಲ್ಲಿದ್ದರಲ್ಲವೆ ಅವುಗಳ ಉಪಯೋಗ!

ಬಂದರಿಗೂ ಇದೇ ಕಾರಣದಿಂದ ಅನುಮತಿ ದೊರೆಯಬಹುದು. ತೊಡಕು ಹುಟ್ಟುವುದೂ ಇಲ್ಲಿಯೇ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ಯೋಜನೆಯನ್ನು ಮೀನುಗಾರರು ವಿರೋಧಿಸುತ್ತ ಬಂದಿದ್ದಾರೆ. ಹಡಗಿಗೂ ದಡ ಬೇಕು, ಮರಳಿನ ಮೇಲೆ ಮೀನು ಹರಡುವ ಹೆಂಗಸಿಗೂ ದಡ ಬೇಕು. ಇಬ್ಬರಲ್ಲಿ ಮೊದಲ ಹಕ್ಕು ಯಾರದೆಂಬುದನ್ನು ಮೀಟರಿನ ಅಳತೆಯೊಂದೇ ತೀರ್ಮಾನಿಸಲಾರದು.

ವಲಯದ ನಕ್ಷೆಯ ಕರಡಿನ ಮೇಲೆ ಸಾರ್ವಜನಿಕರ ಅಹವಾಲು ಕೇಳಬೇಕೆಂಬ ನಿಯಮವಿದೆ. ಆ ನಕ್ಷೆಯನ್ನು ಓದಿ ಹಿರಿಯರಿಗೆ ತಿಳಿಸುವುದು, ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಕರ್ತವ್ಯವಲ್ಲವೆ?