ರೋಗದ ತೋಟದಲ್ಲಿ ಹಸಿರಾಗಿ ನಿಂತ ಮರಕ್ಕೊಂದು ಮರಿ

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಬಂದು ದಶಕಗಳೇ ಕಳೆದಿವೆ. ಸೋಗೆಯ ಎಲೆಗಳು ತುದಿಯಿಂದ ಹಳದಿಗಟ್ಟುತ್ತಾ ಬರುತ್ತವೆ. ಮರದ ತಲೆ ಕಿರಿದಾಗುತ್ತದೆ, ಬೇರು ಕೊಳೆಯುತ್ತದೆ, ನಳ್ಳಿ ಉದುರುತ್ತದೆ. ಉದುರದೆ ಉಳಿದ ಅಡಿಕೆಯ ತಿರುಳು ಕಪ್ಪಾಗಿ ಮಾರುಕಟ್ಟೆಗೆ ಸಲ್ಲದಂತಾಗುತ್ತದೆ. ಮಧ್ಯ ಕೇರಳದಲ್ಲಿ 1914ರಲ್ಲೇ ದಾಖಲಾದ ಈ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ರಸ ಹೀರುವ ಜಿಗಿಹುಳ. ಕೊಳೆರೋಗವನ್ನು ತಡೆಯಲು ಬೋರ್ಡೋ ದ್ರಾವಣವಿದೆ. ಹಳದಿ ರೋಗ ಹಿಡಿದ ಮರವನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ.

ಹೀಗಿದ್ದೂ ಸುತ್ತಲಿನ ಮರಗಳೆಲ್ಲ ಸೊರಗಿದ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿ ನಿಂತು ಫಸಲು ಕೊಡುತ್ತಿರುತ್ತದೆ. ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹುಡುಕಿಕೊಂಡು ಹೋದದ್ದು ಇಂಥ ಮರಗಳನ್ನೇ. ಕಾಸರಗೋಡಿನಲ್ಲಿ ಕೇಂದ್ರ ಕಚೇರಿ ಇರುವ ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಪುತ್ತೂರಿಗೆ ಹತ್ತಿರದ ವಿಟ್ಲದಲ್ಲಿದೆ. 1956ರಲ್ಲಿ ಅಡಿಕೆ ಸಂಶೋಧನೆಗೆಂದೇ ಶುರುವಾದ ಕೇಂದ್ರವದು.

ಒಳ್ಳೆಯ ಮರ ಸಿಕ್ಕಿದರೆ ಅದರ ಗೋಟು ಬಿತ್ತಿ ಸಸಿ ಮಾಡಿದರಾಯಿತಲ್ಲ ಎಂದು ಯಾರಿಗಾದರೂ ಅನಿಸೀತು. ಅಡಿಕೆಯ ಸ್ವಭಾವ ಇದಕ್ಕೆ ಅಡ್ಡ ಬರುತ್ತದೆ. ಅಡಿಕೆಯದು ಪರಕೀಯ ಪರಾಗಸ್ಪರ್ಶ. ತಾಯಿ ಮರ ಎಷ್ಟೇ ಗಟ್ಟಿಯಾಗಿದ್ದರೂ ಪರಾಗ ಪಕ್ಕದ ರೋಗಿಷ್ಠ ಮರದ್ದಿರಬಹುದು. ಹಾಗಾಗಿ ಬೀಜದಿಂದ ಹುಟ್ಟಿದ ಸಸಿ ತಾಯಿಯನ್ನೇ ಹೋಲುತ್ತದೆಂಬ ಖಾತ್ರಿಯಿಲ್ಲ. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಿಂದ ಇರುವ ಗೇರು ಸಂಶೋಧನಾ ಕೇಂದ್ರಕ್ಕೆ ಈ ತೊಡಕಿಲ್ಲ. ಗೇರಿನ ಎಳೆಯ ಕಾಂಡಕ್ಕೆ ಕಸಿ ಕಟ್ಟಿ ತಾಯಿಯ ಗುಣವನ್ನು ಹಾಗೆಯೇ ಮುಂದಿನ ಗಿಡಕ್ಕೆ ಒಯ್ಯಬಹುದು. ಕರಿಮೆಣಸಿನ ಬಳ್ಳಿಯ ತುಂಡು ನೆಟ್ಟರೂ ಸಾಕು. ಅಡಿಕೆಗೆ ಕೊಂಬೆಯಿಲ್ಲ, ಬೆಳೆಯುವ ಸುಳಿ ಒಂದೇ, ಅದನ್ನು ಕತ್ತರಿಸಿದರೆ ಮರವೇ ಸಾಯುತ್ತದೆ.

ಉಳಿದದ್ದು ಅಂಗಾಂಶ ಕೃಷಿಯ ದಾರಿ. ಟಿಶ್ಯೂ ಕಲ್ಚರ್ ಎಂಬ ಹೆಸರು ಇಲ್ಲಿನ ರೈತರಿಗೆ ಬಾಳೆಯಿಂದಾಗಿ ಹೊಸದಲ್ಲ. ಆದರೆ ಬಾಳೆ ಬಗ್ಗಿದಷ್ಟು ಸುಲಭದಲ್ಲಿ ಅಡಿಕೆ ಬಗ್ಗುವುದಿಲ್ಲ. ಎಲೆ ಮತ್ತು ಹಿಂಗಾರದ ಚೂರುಗಳಿಂದ ಅಡಿಕೆ ಸಸಿ ಪಡೆಯುವ ವಿಧಾನವನ್ನು ಸಿಪಿಸಿಆರ್‌ಐಯ ಅನಿತಾ ಕರುಣ್ ಮತ್ತು ಸಂಗಡಿಗರು 2004ರಲ್ಲಿ ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದರು.

ಕೆಲಸ ಶುರುವಾಗುವುದು ಹಾಳೆಯೊಳಗೆ ಇನ್ನೂ ಅರಳದೆ ಅಡಗಿರುವ ಎಳೆ ಹಿಂಗಾರದಿಂದ. ಹಿಂಗಾರ ತೆಗೆದರೆ ಮರಕ್ಕೆ ಪ್ರಾಣಾಪಾಯವಿಲ್ಲ. ಅದನ್ನು ಕ್ರಿಮಿಶುದ್ಧಗೊಳಿಸಿ, ಶೋಧಿಸಿದ ಗಾಳಿ ಹಾಯುವ ಪೆಟ್ಟಿಗೆಯ ಮುಂದೆ ಕೂತು ಸಣ್ಣ ಚೂರುಗಳಾಗಿ ಕತ್ತರಿಸುತ್ತಾರೆ. ಚೂರುಗಳನ್ನು ಇಡುವ ಬಾಟಲಿಯಲ್ಲಿ ಸಕ್ಕರೆ, ಲವಣ, ಜೀವಸತ್ವಗಳಿರುವ ಆಹಾರ ಮಾಧ್ಯಮ ಇರುತ್ತದೆ. ಅದರ ಜೊತೆ ಪಿಕ್ಲೋರಮ್ ಎಂಬ ಬೆಳವಣಿಗೆ ಪ್ರಚೋದಕ. ಹೂವಾಗಬೇಕಿದ್ದ ಜೀವಕೋಶಗಳು ಆ ದಾರಿ ಬಿಟ್ಟು ರೂಪವಿಲ್ಲದ ಮುದ್ದೆಯಾಗಿ ಬೆಳೆಯುತ್ತವೆ. ಪ್ರಚೋದಕವನ್ನು ಕಡಿಮೆ ಮಾಡುತ್ತಾ ಹೋದಂತೆ ಮುದ್ದೆಯ ಮೇಲೆ ಪುಟ್ಟ ಭ್ರೂಣಗಳು ಮೂಡುತ್ತವೆ. ಬೀಜವೂ ಇಲ್ಲ, ಪರಾಗವೂ ಇಲ್ಲ. ತಾಯಿ ಮರದ ಕೋಶದಿಂದಲೇ ಹುಟ್ಟಿದ ಭ್ರೂಣಗಳಿವು. ಅವು ಮೊಳೆತು, ಬೇರು ಬಿಟ್ಟು, ಬಾಟಲಿಯಿಂದ ಹೊರಬಂದು ಹೊರಗಿನ ಬಿಸಿಲು ಗಾಳಿಗೆ ಒಗ್ಗಿಕೊಳ್ಳುವ ತನಕ ತಿಂಗಳುಗಟ್ಟಲೆ ಜತನ ಬೇಕು. ಒಂದು ಹಂತದಲ್ಲಿ ಬೂಷ್ಟು ತಗಲಿದರೂ ಆ ಬಾಟಲಿ ಹೋದಂತೆಯೇ.

ವಿಟ್ಲದ ಗಿಡ್ಡ ತಳಿಗಳಿಗೂ ಇದರಿಂದ ಅನುಕೂಲವಿದೆ. ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ ಮತ್ತು ಮೋಹಿತ್‌ನಗರ ತಳಿಗಳೊಂದಿಗೆ ಸೇರಿಸಿ ಪಡೆದ ಮಿಶ್ರತಳಿಗಳು ಅಲ್ಲಿವೆ. ಕೊಯ್ಲಿಗೆ, ಮದ್ದು ಬಿಡಲಿಕ್ಕೆ ಮರ ಹತ್ತುವವರು ಸಿಗದ ಈ ಕಾಲದಲ್ಲಿ ಅವಕ್ಕೆ ಬೇಡಿಕೆಯೂ ಹೆಚ್ಚು. ಮಿಶ್ರತಳಿಯ ಬೀಜ ಬಿತ್ತಿದರೆ ಗುಣ ಚದುರಿಹೋಗುತ್ತದೆ. ಅಂಗಾಂಶದಿಂದ ಬಂದ ಸಸಿಯಲ್ಲಿ ಅದು ಉಳಿಯುತ್ತದೆ.

ಕಡಬ ತಾಲ್ಲೂಕಿಗೆ ಬಂದರೆ ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವ ನೆಟ್ಟಣದ ಹತ್ತಿರ ಇದೇ ಸಂಸ್ಥೆಯ ಕಿದು ಸಂಶೋಧನಾ ಕೇಂದ್ರವಿದೆ. ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹ ಇಲ್ಲಿಯೇ ಇರುವುದು. ಹಿಂದೂ ಮಹಾಸಾಗರದ ದ್ವೀಪಗಳಿಂದ ತೆಂಗಿನ ತಳಿ ತರಬೇಕಾದಾಗ ಮೂಟೆಗಟ್ಟಲೆ ಕಾಯಿ ಹೊತ್ತು ತರುವುದು ಕಷ್ಟ, ಜೊತೆಗೆ ರೋಗವೂ ಬರುವ ಭಯ. ಕಾಯಿಯ ಕಣ್ಣಿನಡಿಯಲ್ಲಿ ಹುದುಗಿರುವ ಪುಟ್ಟ ಭ್ರೂಣವನ್ನಷ್ಟೇ ತೆಗೆದು, ಶುದ್ಧ ಬಾಟಲಿಯಲ್ಲಿ ತಂದು, ಪ್ರಯೋಗಾಲಯದಲ್ಲಿ ಮೊಳೆಯಿಸುವ ಕ್ರಮವನ್ನು ಸಿಪಿಸಿಆರ್‌ಐ ರೂಢಿಸಿತು.

ಇವುಗಳಲ್ಲಿ ಯಾವುದೂ ಕುಲಾಂತರಿ ಸಸಿಯಲ್ಲ. ಅಂಗಾಂಶ ಕೃಷಿಯಲ್ಲಿ ಇರುವ ಗಿಡವನ್ನೇ ಮತ್ತೆ ಪಡೆಯುತ್ತಾರೆ. ಕುಲಾಂತರದಲ್ಲಿ ಬೇರೊಂದು ಜೀವಿಯ ಗುಣಾಣುವನ್ನು ಗಿಡದೊಳಗೆ ಸೇರಿಸುತ್ತಾರೆ. ಎರಡಕ್ಕೂ ನಂಟಿರುವುದು ನಿಜ: ಗುಣಾಣು ಸೇರಿದ ಒಂದು ಕೋಶದಿಂದ ಇಡೀ ಗಿಡ ಎಬ್ಬಿಸಲು ಸಾಮಾನ್ಯವಾಗಿ ಅಂಗಾಂಶ ಕೃಷಿಯೇ ಬೇಕು. ಬೇಳೆಕಾಳಿನ ಕುಟುಂಬದ ಬೆಳೆಗಳು ವಿಜ್ಞಾನಿಗಳನ್ನು ಹೆಚ್ಚು ಸತಾಯಿಸಿದ್ದು ಇಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಶಂಕರ ರಾವ್ ಮತ್ತು ಸಂಗಡಿಗರು 2000ದ ಹೊತ್ತಿಗೆ ನೆಲಗಡಲೆಯಲ್ಲಿ ಬಾಟಲಿಯ ಹಂತವನ್ನೇ ಬಿಟ್ಟು, ಬೀಜದ ಭ್ರೂಣಕ್ಕೆ ಸೂಜಿ ಚುಚ್ಚಿ ಗುಣಾಣು ಹೊತ್ತ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸೋಕಿಸಿ ನೇರ ಗಿಡ ಬೆಳೆಸಿದರು. 2008ರಲ್ಲಿ ತೊಗರಿಗೂ ಇದೇ ಬಗೆಯ ವಿಧಾನ ಪ್ರಕಟವಾಯಿತು.

ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು, ಹುರುಳಿಯ ಜೊತೆ ಈ ಸೀಮೆಯವರು ಬಿತ್ತುತ್ತಿದ್ದ ಅಲಸಂಡೆಯ ಕಥೆ ಇನ್ನೂ ಮುಂದಕ್ಕೆ ಹೋಗಿದೆ. ಆಸ್ಟ್ರೇಲಿಯಾದ ಟಿ. ಜೆ. ಹಿಗಿನ್ಸ್ ಅವರ ತಂಡ 2006ರಲ್ಲಿ ಅದಕ್ಕೆ ಗುಣಾಣು ಸೇರಿಸುವ ವಿಧಾನ ಪ್ರಕಟಿಸಿತು. ಕಾಯಿಕೊರಕ ಹುಳ ತಡೆಯುವ ಅಲಸಂಡೆಯ ಬಿಡುಗಡೆಗೆ 2019ರಲ್ಲಿ ನೈಜೀರಿಯಾ ಅನುಮತಿ ನೀಡಿತು. ಭಾರತದಲ್ಲಿ ಯಾವ ಕುಲಾಂತರಿ ಬೇಳೆಕಾಳೂ ರೈತರ ಹೊಲಕ್ಕೆ ಬಂದಿಲ್ಲ.

ಅಡಿಕೆಯಲ್ಲಿ ಸದ್ಯದ ಪ್ರಶ್ನೆ ಇನ್ನೂ ಸರಳವಾದದ್ದು: ಹಸಿರಾಗಿ ನಿಂತ ಮರ ನಿಜಕ್ಕೂ ರೋಗವನ್ನು ತಡೆದುಕೊಂಡದ್ದೋ, ಅಥವಾ ಜಿಗಿಹುಳದ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡದ್ದೋ? ಅದರ ಮರಿಗಳನ್ನು ರೋಗವಿರುವ ತೋಟದಲ್ಲೇ ನೆಟ್ಟು, ಫಸಲು ಬರುವವರೆಗೆ ವರ್ಷಾನುಗಟ್ಟಲೆ ನೋಡಿದ ಮೇಲಷ್ಟೇ ಉತ್ತರ. ಅಷ್ಟರೊಳಗೆ ಬೇಸತ್ತು ತೋಟವನ್ನೇ ಕಡಿದು ರಬ್ಬರಿಗೋ ತಾಳೆಗೋ ಹೊರಳುವವರಿದ್ದಾರೆ, ಅವರ ಕಷ್ಟ ಸಣ್ಣದಲ್ಲ. ಕಡಿಯುವ ಮುನ್ನ ಹಸಿರಾಗಿ ಉಳಿದ ಮರಗಳಿಗೆ ಗುರುತು ಹಾಕಿ ವಿಟ್ಲದ ಕೇಂದ್ರಕ್ಕೊಂದು ಮಾತು ತಿಳಿಸಿದರೆ, ಪ್ರಯೋಗಾಲಯಕ್ಕೆ ಬೇಕಾದ ಹಿಂಗಾರ ಸಿಗುತ್ತದೆ.