ಗಾಲಿ ಮೇಲಿನ ಮನೆ, ಮನೆಯಿಲ್ಲದ ಹಿತ್ತಲು

ಹದಿನಾಲ್ಕು ದಿನ ನಮ್ಮ ಮನೆಯಾಗಿದ್ದ ವಾಹನ ಕ್ರೈಸ್ಟ್‌ಚರ್ಚ್ ಊರೊಳಗೆ ಬರುತ್ತಿದ್ದಂತೆ ಏಕಾಏಕಿ ಲಾರಿಯಾಗಿಬಿಟ್ಟಿತು. ಟೆಕಾಪೊ ಸರೋವರದ ಬಳಿ, ಹಾಸ್ಟ್ ಕಣಿವೆಯಲ್ಲಿ ಕಿಟಕಿ ತುಂಬ ಬೆಟ್ಟ ತುಂಬಿಕೊಂಡು ನಿಲ್ಲುತ್ತಿದ್ದದ್ದು ಈಗ ಪಾರ್ಕಿಂಗ್ ಕಟ್ಟಡದ ಬಾಗಿಲಲ್ಲಿ ತೂಗುವ ಹಳದಿ ಪಟ್ಟಿಯ ಮುಂದೆ ತಲೆ ತಗ್ಗಿಸಲಾಗದೆ ನಿಂತಿತ್ತು. ನಮ್ಮ ಎತ್ತರ ಮೂರು ಮೀಟರ್ ಮೇಲೆ, ಪಟ್ಟಿಯದ್ದು ಎರಡು ಮೀಟರ್ ಚಿಲ್ಲರೆ. ಹಿಂದೆ ನಾಲ್ಕು ಕಾರು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ, ಸುಮ್ಮನೆ ಕಾದರು. ಬೈದಿದ್ದರೇ ವಾಸಿಯಿತ್ತು.

ನಮ್ಮ ಕಡೆ ಕ್ಯಾರವಾನ್ ಎಂದರೆ ಎರಡು ಶಾಟ್‌ಗಳ ನಡುವೆ ಸಿನಿಮಾ ಹೀರೊ ಹೋಗಿ ಕೂರುವ ಬಸ್ಸು. ನ್ಯೂಜಿಲೆಂಡಿನಲ್ಲಿ ಬಾಡಿಗೆಗೆ ಸಿಗುವ ಇದಕ್ಕೆ ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ಒಲೆ, ಸಿಂಕು, ಮಡಚಿದರೆ ಸೋಫಾ, ಬಿಚ್ಚಿದರೆ ಹಾಸಿಗೆ. ಎಡಗಡೆ ಓಡಿಸುವ ದೇಶವಾದ್ದರಿಂದ ನಮ್ಮವರ ಕೈಗೆ ಬೇಗ ಒಗ್ಗುತ್ತದೆ. ಫೋಟೊದಲ್ಲಿ ಬೀಳದ ಸಂಗತಿ ಎಂದರೆ ಪಾತ್ರೆ ತೊಳೆದ ನೀರಿನ ಟ್ಯಾಂಕು ಮತ್ತು ಕಕ್ಕಸಿನ ಡಬ್ಬಿ. ಎರಡನ್ನೂ ಡಂಪ್ ಸ್ಟೇಷನ್ ಎಂಬಲ್ಲಿಗೆ ಒಯ್ದು ನಾವೇ ಖಾಲಿ ಮಾಡಬೇಕು. ಮೊದಲ ದಿನ ಮೂಗು ಮುಚ್ಚಿಕೊಂಡೆ. ಐದನೆಯ ದಿನ ಪಕ್ಕದ ಡಬ್ಬಿಯ ಜರ್ಮನ್ ದಂಪತಿಯ ಜೊತೆ ಹವಾಮಾನದ ಮಾತಾಡುತ್ತ ನಿಂತಿದ್ದೆ.

ಪಶ್ಚಿಮ ಕರಾವಳಿಯಿಂದ ಆರ್ಥರ್ಸ್ ಪಾಸ್ ಘಾಟಿ ಹತ್ತಿ ಇಳಿದು ಬಂದಿದ್ದೆವು. ಅಲ್ಲಿ ಚಹಾಕ್ಕೆ ನಿಂತಾಗ ಕಿಯಾ ಎಂಬ ಹಸಿರು ಬೆಟ್ಟದ ಗಿಳಿ ಚಾವಣಿ ಮೇಲೆ ಕೂತು ಕಿಟಕಿಯ ರಬ್ಬರನ್ನು ಒಂದು ಗೇಣು ಕಿತ್ತು ತಿಂದಿತ್ತು. ಆ ಒಂದು ಗೇಣಿಗೆ ಬಾಡಿಗೆಯವರು ಎಷ್ಟು ಕೀಳುತ್ತಾರೋ ಎಂಬ ಲೆಕ್ಕದಲ್ಲೇ ಕ್ರೈಸ್ಟ್‌ಚರ್ಚ್ ಸೇರಿದ್ದೆವು. ಕೊನೆಗೆ ಊರಂಚಿನ ಹಾಲಿಡೇ ಪಾರ್ಕಿನಲ್ಲಿ ವಾಹನ ನಿಲ್ಲಿಸಿ, ಕರೆಂಟಿನ ತಂತಿ ಚುಚ್ಚಿ, ಬಸ್ಸು ಹತ್ತಿ ಊರು ನೋಡಲು ಹೋದೆವು.

ಊರಿನ ಟ್ರಾಮ್ ಚಂದ. ಹಿತ್ತಾಳೆ ಹಿಡಿ, ಮರದ ಬೆಂಚು, ಬಣ್ಣಬಣ್ಣದ ನ್ಯೂ ರೀಜೆಂಟ್ ಬೀದಿಯ ನಡುವೆ ಗಂಟೆ ಬಾರಿಸಿಕೊಂಡು ಹೋಗುತ್ತದೆ. ಏವನ್ ನದಿಯಲ್ಲಿ ಹುಟ್ಟುಗೋಲಿನ ದೋಣಿಯೂ ಇದೆ, ಹೋಗಿಬಂದೆವು. ಆದರೆ ಟ್ರಾಮಿನ ಕಿಟಕಿಯಿಂದ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಕಟ್ಟಡಗಳ ನಡುವಣ ಬಯಲು. ದೊಡ್ಡ ಊರಿನ ನಟ್ಟನಡುವೆ ಜಲ್ಲಿ ಹಾಸಿದ ಖಾಲಿ ನಿವೇಶನ. ಬೆಂಗಳೂರಿನವನಿಗೆ ಖಾಲಿ ಸೈಟು ಕಂಡರೆ ಬೆಲೆ ಎಷ್ಟಿರಬಹುದು ಎನಿಸುತ್ತದೆ, ಏನಿತ್ತು ಎಂದು ಹೊಳೆಯುವುದಿಲ್ಲ.

ಆ ಬಯಲು ಭೂಕಂಪ ಬಿಟ್ಟುಹೋದದ್ದು. 2011ರ ಫೆಬ್ರವರಿ 22, ಮಧ್ಯಾಹ್ನ 12 ಗಂಟೆ 51 ನಿಮಿಷ. ಜನ ಊಟದ ಬಿಡುವಿನಲ್ಲಿದ್ದ ಹೊತ್ತು. ಅದಕ್ಕೆ ಐದೂವರೆ ತಿಂಗಳ ಹಿಂದೆ, 2010ರ ಸೆಪ್ಟೆಂಬರ್ 4ರ ನಸುಕಿನಲ್ಲಿ 7.1 ತೀವ್ರತೆಯ ಕಂಪನವಾಗಿ ಊರು ಬದುಕಿಕೊಂಡಿತ್ತು. ಈ ಸಲದ್ದು ತೀವ್ರತೆಯಲ್ಲಿ ಸಣ್ಣದು. ಆದರೆ ಕೇಂದ್ರ ಊರಿನ ಪಕ್ಕದಲ್ಲೇ, ಆಳವೂ ಕಡಿಮೆ. ಸತ್ತವರು 185 ಮಂದಿ. ಅವರಲ್ಲಿ 115 ಜನ ಸಿಟಿವಿ ಎಂಬ ಒಂದೇ ಕಟ್ಟಡದಲ್ಲಿದ್ದವರು. ಅಲ್ಲೊಂದು ಭಾಷಾ ಶಾಲೆ ನಡೆಯುತ್ತಿತ್ತು, ಇಂಗ್ಲಿಷ್ ಕಲಿಯಲು ಬಂದಿದ್ದ ಜಪಾನಿನ 28 ಮಂದಿ ಅಲ್ಲೇ ಹೋದರು. ನದಿ ದಂಡೆಯ ಅಮೃತಶಿಲೆಯ ಗೋಡೆಯ ಮೇಲೆ ಎಲ್ಲರ ಹೆಸರೂ ಇದೆ.

1864ರಲ್ಲಿ ಬುನಾದಿ ಕಂಡು 1904ರಲ್ಲಿ ಮುಗಿದ ಕೆಥೆಡ್ರಲ್‌ನ ಶಿಖರ ಅಂದು ಬಿತ್ತು. ಬೇಲಿ ಸುತ್ತಿ, ಉಕ್ಕಿನ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ದುರಸ್ತಿ ಶುರುವಾಗಿ, 2024ರಲ್ಲಿ ಹಣ ಸಾಲದೆ ನಿಂತಿತು. ಪ್ರಾರ್ಥನೆಗೆಂದು ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ರಟ್ಟಿನ ಕೊಳವೆಗಳಿಂದ ಒಂದು ತಾತ್ಕಾಲಿಕ ಚರ್ಚು ಕಟ್ಟಿಕೊಟ್ಟಿದ್ದಾರೆ. 2013ರಿಂದ ಅದು ನಿಂತೇ ಇದೆ, 700 ಜನ ಕೂರಬಹುದು. ಒಳಗೆ ಹೋಗಿ ಒಂದು ಕೊಳವೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಜವಳಿ ಅಂಗಡಿಯಲ್ಲಿ ಬಟ್ಟೆ ಸುತ್ತಿಡುವ ರಟ್ಟಿನ ದಿಂಡು ತಟ್ಟಿದಂತೆ ಬೊಳ್ಳೆಂದಿತು. ಕಲ್ಲಿನದ್ದು ಕಾಯುತ್ತಿದೆ, ರಟ್ಟಿನದ್ದು ಕೆಲಸ ಮಾಡುತ್ತಿದೆ.

ಎರಡನೆಯ ದಿನ ಪಟ್ಟಿಯಲ್ಲಿದ್ದದ್ದು ಸಸ್ಯೋದ್ಯಾನ. ಬೆಳಗ್ಗೆ ಹಾಲಿಡೇ ಪಾರ್ಕಿನ ಅಡುಗೆಮನೆಯಲ್ಲಿ ಮುಸುರೆ ತೊಳೆಯುತ್ತಿದ್ದ ಹಿರಿಯ ಹೆಂಗಸೊಬ್ಬರು, ಉದ್ಯಾನ ಎಲ್ಲ ಊರಲ್ಲೂ ಇರುತ್ತದೆ, ನದಿ ಕೆಳಗೆ ಕೆಂಪು ವಲಯಕ್ಕೆ ಹೋಗಿ ಎಂದರು. ಇದು ಮಾರ್ಚ್, ಹಣ್ಣಿನ ಕಾಲ ಎಂದೂ ಸೇರಿಸಿದರು. ಹಣ್ಣು ಯಾಕೆಂದು ಆಗ ತಿಳಿಯಲಿಲ್ಲ.

ಕಂಪನದ ದಿನ ಊರಿನ ಪೂರ್ವ ಭಾಗದಲ್ಲಿ ನೆಲವೇ ನೀರಾಯಿತು. ನದಿ ಬಯಲಿನ ಮರಳು, ಮೇಲೆಯೇ ಇರುವ ಅಂತರ್ಜಲ. ಕುಲುಕಾಟಕ್ಕೆ ಮರಳಿನ ಕಣಗಳ ಹಿಡಿತ ತಪ್ಪಿ, ಬೂದು ಕೆಸರು ಅಂಗಳದಲ್ಲಿ, ಕೆಲವು ಕಡೆ ನಡುಮನೆಯಲ್ಲೂ ಉಕ್ಕಿತು. ಅಂಥ ನೆಲದ ಮೇಲೆ ಮತ್ತೆ ಮನೆ ಬೇಡವೆಂದು ಸರ್ಕಾರ ಸುಮಾರು 8,000 ಮನೆಗಳ ಆಸ್ತಿಯನ್ನು ಕೊಂಡು ಕೆಡವಿಸಿತು. ಅದೇ ಕೆಂಪು ವಲಯ. ಏವನ್ ದಂಡೆಯಲ್ಲಿ ಹೀಗೆ ಬರಿದಾದ ಜಾಗವೇ 602 ಹೆಕ್ಟೇರ್. ಹುಲ್ಲು ಬೆಳೆದಿದೆ. ರಸ್ತೆ ಇದೆ, ರಸ್ತೆಯಂಚಿನ ಕಲ್ಲಿದೆ. ಕಾರು ಒಳಹೋಗಲೆಂದು ಆ ಕಲ್ಲನ್ನು ಇಳಿಜಾರು ಮಾಡಿದ ಜಾಗಗಳೂ ಹಾಗೇ ಇವೆ. ಅದರಿಂದ ಒಳಗೆ ಹೋದರೆ ಮನೆಯಿಲ್ಲ.

ಆದರೆ ಹಿತ್ತಲು ಇದೆ. ಮನೆ ಕೆಡವಿದವರು ಗಿಡಮರ ಬಹಳಷ್ಟು ಉಳಿಸಿದ್ದಾರೆ. ಇಲ್ಲೊಂದು ಗುಲಾಬಿ ಸಾಲು, ಅದು ಮುಂಬಾಗಿಲ ಕಡೆಯಿದ್ದಿರಬೇಕು. ಅಲ್ಲಿ ನಿಂಬೆ, ಸ್ವಲ್ಪ ದೂರಕ್ಕೆ ಸೇಬು. ನನ್ನವಳು ನಿಂತಲ್ಲೇ ಮನೆ ಕಟ್ಟತೊಡಗಿದಳು: ನಿಂಬೆ ಇದ್ದರೆ ಅಡುಗೆಮನೆ ಈ ಮಗ್ಗುಲು, ಬಟ್ಟೆ ಒಣಹಾಕುವುದು ಅಲ್ಲಿ, ಸೇಬಿನ ಕೊಂಬೆ ಇಷ್ಟು ಕೆಳಗೇ ಬಾಗಿದೆ ಎಂದರೆ ಮಕ್ಕಳು ಜೋತಾಡಿರಬೇಕು. ಸೈಕಲ್ಲಿನಲ್ಲಿ ಬಂದ ಗಂಡಸೊಬ್ಬರು ಬುಟ್ಟಿಗೆ ಹಣ್ಣು ಕಿತ್ತುಕೊಂಡರು, ನಮಗೂ ಕೀಳಲು ಕೈಸನ್ನೆ ಮಾಡಿದರು. ಯಾರದೋ ಹಿತ್ತಲಿಗೆ ಕೈಹಾಕುವ ಅಳುಕಿನಲ್ಲೇ ಏಳು ಸೇಬು ಕಿತ್ತೆವು. ಸಣ್ಣವು, ಹುಳಿಯೊಗರು, ಒಂದರಲ್ಲಿ ಹುಳುವಿತ್ತು. ನಮ್ಮ ಮನೆ ಅಷ್ಟರಲ್ಲಿ ಊರಾಚೆ, ಕರೆಂಟಿನ ತಂತಿ ಕಚ್ಚಿಕೊಂಡು ನಿಂತಿತ್ತು. ಮರುದಿನ ಬೆಳಗ್ಗೆ ಹತ್ತಕ್ಕೆ ಅದನ್ನೂ ಒಪ್ಪಿಸಬೇಕು.

ಆ ರಾತ್ರಿ ಮನೆ ಖಾಲಿ ಮಾಡುವ ಕೆಲಸ. ಹಾಲಿಡೇ ಪಾರ್ಕಿನ ಅಡುಗೆಮನೆಯಲ್ಲಿ ಒಂದು ಕಪಾಟು ಇತ್ತು. ಹೊರಟವರು ಉಳಿದದ್ದನ್ನು ಇಡುತ್ತಾರೆ, ಬಂದವರು ಬೇಕಾದ್ದು ಒಯ್ಯುತ್ತಾರೆ. ಅರ್ಧ ಉಪ್ಪು, ಮುಕ್ಕಾಲು ಬಾಟಲಿ ಎಣ್ಣೆ, ಯಾರೂ ಮುಟ್ಟದ ಪಾಸ್ತಾ. ನಾವು ಅಕ್ಕಿ, ಉಳಿದ ಐದು ಸೇಬು, ಊರಿಂದ ತಂದ ಪುಳಿಯೋಗರೆ ಪುಡಿಯ ಪೊಟ್ಟಣ ಇಟ್ಟೆವು. ತಿನ್ನುವ ಪದಾರ್ಥ ಹೇಳಿಕೊಳ್ಳದೆ ತಂದರೆ ಅಲ್ಲಿ 400 ಡಾಲರ್ ದಂಡ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ಮೊದಲೇ ಹೇಳಿ, ಅಧಿಕಾರಿ ಬಿಚ್ಚಿ ಮೂಸಿ ನೋಡಿ ಬಿಟ್ಟುಕೊಟ್ಟ ಪುಡಿ ಅದು.

ಬೆಳಗ್ಗೆ ಕಾಫಿಗೆ ಹೋದಾಗ ಅಕ್ಕಿ ಇರಲಿಲ್ಲ, ಸೇಬೂ ಇರಲಿಲ್ಲ. ಪುಳಿಯೋಗರೆ ಪುಡಿ ಇಟ್ಟಲ್ಲೇ ಇತ್ತು. ಕೈಗೆತ್ತಿಕೊಂಡೆ. ನಾನು ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿದ್ದೆ. ಈಗ ಅದು ಮೂರು ಸುತ್ತಾಗಿತ್ತು.